ಸಾಲ ತೆಗೆದು ತಮ್ಮನ ಪಾಲನ್ನು ಕೊಂಡದ್ದು

ಊರಿನ ಮನೆಯಲ್ಲಿ ತಮ್ಮನಿಗಿದ್ದ ಪಾಲನ್ನು ಬ್ಯಾಂಕಿನಿಂದ ಸಾಲ ತೆಗೆದು ಕೊಂಡುಕೊಳ್ಳುತ್ತೇನೆಂದಾಗ, ಮಾರುವವನೂ ನಿಮ್ಮವನೇ, ಮನೆಯೂ ನಿಮ್ಮದೇ, ಇದರಲ್ಲಿ ತಲೆಬಿಸಿ ಮಾಡುವುದಕ್ಕೆ ಏನಿದೆ ಎಂದು ಕೇಳಿದವರೇ ಹೆಚ್ಚು. ಕುಟುಂಬದ ಕಡೆಯಿಂದ ನೋಡಿದರೆ ಆ ಮಾತು ಸರಿ. ಬ್ಯಾಂಕಿನ ಕಡೆಯಿಂದ ನೋಡಿದರೆ ಹೊರಗಿನವರ ಮನೆಯನ್ನು ಕೊಳ್ಳುವುದಕ್ಕಿಂತ ಒಡಹುಟ್ಟಿದವರ ಪಾಲನ್ನು ಕೊಳ್ಳುವುದೇ ಕಠಿಣ, ಏಕೆಂದರೆ ಹೊರಗಿನವರ ಸೊತ್ತಿಗೆ ನಾಲ್ಕು ಗಡಿಗಳಿರುತ್ತವೆ, ಹಂಚಿಕೊಳ್ಳದ ಮನೆಯ ಕಾಲು ಪಾಲಿಗೆ ಗಡಿಯೆಂಬುದೇ ಇರುವುದಿಲ್ಲ. ಅದು ಚಾವಡಿಯಲ್ಲೂ ಇದೆ, ಅಡುಗೆಮನೆಯಲ್ಲೂ ಇದೆ, ಬಾವಿಕಟ್ಟೆಯಲ್ಲೂ ಇದೆ. ಆದರೆ ಇಂತಿಷ್ಟು ಜಾಗ ಅವನದೆಂದು ಕೈತೋರಿಸಿ ಹೇಳಲು ಬರುವುದಿಲ್ಲ. ಕೈತೋರಿಸಲಾಗದ ಸೊತ್ತನ್ನು ಅಡವಾಗಿ ಇಟ್ಟುಕೊಳ್ಳಲು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಪ್ಪಿದರೂ ಅವು ಕೇಳುವುದು ಕಾಲು ಪಾಲನ್ನಲ್ಲ, ಇಡೀ ಮನೆಯನ್ನು. ನಮ್ಮ ವ್ಯವಹಾರದಲ್ಲಿ ಬೆಲೆಯ ಮಾತು ಬೇಗ ಮುಗಿಯಿತು. ತಿಂಗಳುಗಟ್ಟಲೆ ಹಿಡಿದದ್ದು ಯಾವ ಕಾಗದವನ್ನು ಯಾವುದರ ಅನಂತರ ಮಾಡಿಸಬೇಕೆಂಬ ವಿಚಾರ.

ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಸಮೀಪವಿರುವ ನಮ್ಮ ಮನೆಯೂ ಹಿತ್ತಿಲೂ ಸೇರಿ 22 ಸೆಂಟ್ಸ್ ಜಾಗ. ತಂದೆಯವರಿಗೆ ಅದು 1983ರ ಪಾಲುಪಟ್ಟಿಯಲ್ಲಿ ಬಂದದ್ದು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡಿನ ಮನೆಯನ್ನು ಆಮೇಲೆ ಅವರೇ ಕಟ್ಟಿಸಿದರು. ಉಯಿಲು ಬರೆಯದೆ ತೀರಿಕೊಂಡದ್ದರಿಂದ ಹಿಂದೂ ಉತ್ತರಾಧಿಕಾರ ಕಾನೂನಿನಂತೆ ತಾಯಿ, ನಾನು, ತಮ್ಮ, ತಂಗಿ ಎಂಬ ನಾಲ್ವರಿಗೂ ಸಮಪಾಲು. ಇಲ್ಲಿ ಒಂದು ಮಾತು ಹೇಳಬೇಕು. ಪುತ್ತೂರು, ಸುಳ್ಯದ ಕಡೆಯ ನೆಂಟರು ತಮ್ಮಲ್ಲಿ ನಡೆಯುವ ಅವಿಭಕ್ತ ಕುಟುಂಬದ ಲೆಕ್ಕವನ್ನು ನಮಗೂ ಹೇಳಿಕೊಡುತ್ತಾರೆ. ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಗೊಳಿಸಿದ ಕಾನೂನು 1976ರ ಡಿಸೆಂಬರ್ 1ರಂದೇ ಜಾರಿಗೆ ಬಂದಿರುವುದರಿಂದ ಗಡಿಯಾಚೆಯ ಲೆಕ್ಕವನ್ನು ಹಾಗೆಯೇ ಇತ್ತ ತರುವಂತಿಲ್ಲ. ಇಲ್ಲಿನ ವಕೀಲರನ್ನೇ ಕೇಳಬೇಕು. ತಾಲೂಕು ಕಚೇರಿಯಿಂದ ವಾರಸು ಸರ್ಟಿಫಿಕೇಟ್ ಪಡೆಯುವುದು ಮೊದಲ ಕೆಲಸ. ಆಕ್ಷೇಪಗಳಿದ್ದರೆ ತಿಳಿಸಿರೆಂದು ಗೆಜೆಟ್‌ನಲ್ಲಿ ಪ್ರಕಟಣೆ ಬಂದು ಅವಧಿ ಕಳೆದ ಮೇಲೆ ಅದು ಕೈಗೆ ಸಿಗುತ್ತದೆಯಾದ್ದರಿಂದ, ಮಾರುವ ಮಾತು ಹುಟ್ಟುವ ಮೊದಲೇ ಅರ್ಜಿ ಹಾಕಿಡುವುದು ಲೇಸು.

ತಮ್ಮನಿಗೆ ಬೆಂಗಳೂರಿನಲ್ಲಿ ಫ್ಲಾಟ್ ಕೊಳ್ಳಲು ಹಣ ಬೇಕಿತ್ತು. ತಂಗಿಗೆ ಹಣ ಬೇಕಿರಲಿಲ್ಲ, ಹಕ್ಕನ್ನು ಬಿಡಲೂ ಮನಸ್ಸಿರಲಿಲ್ಲ. ಅದು ನ್ಯಾಯವೆಂದೇ ನನ್ನ ಅಭಿಪ್ರಾಯ. ಮದುವೆ ಮಾಡಿಕೊಟ್ಟ ಹೆಣ್ಣುಮಕ್ಕಳು ನಗುನಗುತ್ತಾ ಸಹಿ ಹಾಕಿ ಹೋಗಬೇಕೆಂದು ಬಯಸುವ ಅಣ್ಣಂದಿರು ನಮ್ಮಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ.

ಬ್ಯಾಂಕಿಗೆ ಹೋಗುವ ಮೊದಲು ಹಳೆಯ ಸಾಲವೊಂದನ್ನು ತೀರಿಸಬೇಕಾಯಿತು. ತಂದೆಯವರು ಅಡಿಕೆ ತೋಟದ ಖರ್ಚಿಗೆಂದು ಸಹಕಾರಿ ಬ್ಯಾಂಕೊಂದರಿಂದ ತೆಗೆದ ಸಾಲ ಸ್ವಲ್ಪ ಉಳಿದಿತ್ತು. ಮೊತ್ತ ದೊಡ್ಡದಲ್ಲ. ಆದರೆ ತೋಟಕ್ಕೂ ಮನೆ ಹಿತ್ತಿಲಿಗೂ ಮೂಲ ದಾಖಲೆ ಒಂದೇ, ಅದು ಆ ಬ್ಯಾಂಕಿನ ಕಪಾಟಿನಲ್ಲಿತ್ತು. ಅಡವಿನಲ್ಲಿರುವ ಸೊತ್ತು ವಾರಸುದಾರರಿಗೆ ಬರುವಾಗ ಅಡವಿನ ಸಮೇತವೇ ಬರುತ್ತದೆ. ಯಾರ ಪಾಲನ್ನು ಯಾರು ಕೊಂಡರೂ ಆ ಹೊರೆ ಜಾಗವನ್ನು ಬಿಟ್ಟು ಹೋಗುವುದಿಲ್ಲ. ಹೀಗಿದ್ದೂ ಮನೆಯ ಬೆಲೆಯನ್ನು ನಾಲ್ಕರಿಂದ ಭಾಗಿಸುವಾಗ ಈ ಬಾಕಿಯನ್ನು ಮೊದಲು ಕಳೆಯಬೇಕೆಂಬುದು ಎಷ್ಟೋ ಕುಟುಂಬಗಳಿಗೆ ಹೊಳೆಯುವುದೇ ಇಲ್ಲ. ನಮ್ಮಲ್ಲಿ ಅದನ್ನು ಆ ವರ್ಷದ ಅಡಿಕೆ ಮಾರಿದ ಹಣದಿಂದ, ಅಂದರೆ ನಾಲ್ವರಿಗೂ ಸೇರಿದ ಹಣದಿಂದ, ತೀರಿಸಿದೆವು. ತೀರಿಸಿದ ರಸೀದಿ ಕೈಗೆ ಬಂದರೆ ಸಾಲದು. ಕೇರಳದ ಸಹಕಾರಿ ಬ್ಯಾಂಕುಗಳು ಜಾಗದ ಮೇಲೆ ‘ಗಹಾನ್’ ಎಂಬ ಹೊರೆಯನ್ನು ಉಪನೋಂದಣಿ ಕಚೇರಿಯಲ್ಲಿ ದಾಖಲಿಸಿರುತ್ತವೆ; ಸಾಲ ಮುಗಿದ ಮೇಲೆ ಬ್ಯಾಂಕಿನವರು ಬಿಡುಗಡೆಯ ಕಾಗದವನ್ನು ಅದೇ ಕಚೇರಿಗೆ ಕಳುಹಿಸಿ ಅಲ್ಲಿ ಅದು ದಾಖಲಾಗುವವರೆಗೆ ಋಣಭಾರ ಸರ್ಟಿಫಿಕೇಟಿನಲ್ಲಿ ಆ ಸಾಲು ಹಾಗೆಯೇ ಕಾಣಿಸುತ್ತಿರುತ್ತದೆ. ಹೊಸ ಬ್ಯಾಂಕಿನ ವಕೀಲರು ನೋಡುವುದು ನಮ್ಮ ರಸೀದಿಯನ್ನಲ್ಲ, ಆ ಸಾಲನ್ನು.

ಇನ್ನು ಹೊಸ ಸಾಲದ ಮಾತು. ಬ್ಯಾಂಕಿನ ಮೊದಲ ಉತ್ತರ ನೇರವಾಗಿಯೇ ಇತ್ತು. ತಮ್ಮನ ಅವಿಭಜಿತ ಕಾಲು ಪಾಲನ್ನು ನಾನು ಕೊಂಡರೆ ನನಗೆ ಮನೆಯಲ್ಲಿ ಅರ್ಧ ಪಾಲಾಗುತ್ತದೆ. ಉಳಿದರ್ಧ ತಾಯಿ ಮತ್ತು ತಂಗಿಯದು. ಸಾಲ ಬೇಕಿದ್ದರೆ ಅವರಿಬ್ಬರೂ ಸಹ-ಸಾಲಗಾರರಾಗಿಯೋ ಜಾಮೀನುದಾರರಾಗಿಯೋ ಸಹಿ ಹಾಕಿ ತಮ್ಮ ಪಾಲನ್ನೂ ಅಡವಿಡಬೇಕು. ಕೇಳುವುದಕ್ಕೆ ಇದು ಬರೀ ಸಹಿಯ ವಿಷಯ. ತಾಯಿಯಂತೂ ಪೆನ್ನು ಕೊಡು ಎಂದೇ ಕೇಳಿದರು. ಆದರೆ ಆ ಸಹಿಯ ಅರ್ಥವನ್ನು ಅವರಿಗೆ ಬಿಡಿಸಿ ಹೇಳುವುದು ನನ್ನ ಕೆಲಸವಾಗಿತ್ತು. ಕಂತು ತಪ್ಪಿ 90 ದಿನ ಮೀರಿದರೆ ಸಾಲ ವಸೂಲಾಗದ ಸಾಲಗಳ ಪಟ್ಟಿಗೆ ಸೇರುತ್ತದೆ. ಆಮೇಲೆ 2002ರ ಸರ್ಫೇಸಿ ಕಾನೂನಿನಂತೆ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ಸಿವಿಲ್ ದಾವೆ ಹೂಡದೆಯೇ ಅಡವಿಟ್ಟ ಮನೆಯನ್ನು ವಶಪಡಿಸಿಕೊಳ್ಳುವತ್ತ ಹೆಜ್ಜೆ ಇಡಬಹುದು. ಆಗ ನನ್ನ ಪಾಲು ಯಾವುದು, ತಾಯಿಯ ಪಾಲು ಯಾವುದು ಎಂದು ಯಾರೂ ಕೇಳುವುದಿಲ್ಲ. ನನ್ನ ಕೆಲಸ ಖಾಸಗಿಯವರಲ್ಲಿ. ಇಂದು ಇದೆ, ಹತ್ತು ವರ್ಷ ಇರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ತಮ್ಮನಿಗೆ ಫ್ಲಾಟ್ ಬೇಕು, ನನಗೆ ಮನೆ ಬೇಕು ಎಂಬ ನಮ್ಮಿಬ್ಬರ ಅಗತ್ಯಕ್ಕಾಗಿ, ಯಾವ ಹಣವನ್ನೂ ಪಡೆಯದ ಇಬ್ಬರು ಹೆಂಗಸರ ಸೊತ್ತು ಹತ್ತು ವರ್ಷ ಅಡವಿನಲ್ಲಿರುವುದು ನನಗೆ ಸರಿಕಾಣಲಿಲ್ಲ. ಎಷ್ಟೋ ಮನೆಗಳಲ್ಲಿ ಈ ಸಹಿ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಆಗಿಹೋಗುತ್ತದೆ.

ಹಾಗಾಗಿ ಕ್ರಮವನ್ನೇ ತಿರುಗಿಸಿದೆವು. ಮೊದಲು ಪಾಲುಪಟ್ಟಿ, ಆಮೇಲೆ ಖರೀದಿ, ಅದರ ಜೊತೆಗೆ ಸಾಲ. ನಮ್ಮ ಜಾಗಕ್ಕೆ ಒಂದು ಅನುಕೂಲವಿತ್ತು: ರಸ್ತೆಬದಿಯ 10 ಸೆಂಟ್ಸ್ ಖಾಲಿ, ಕೆಲವು ತೆಂಗಿನ ಮರಗಳಷ್ಟೇ, ಮನೆ ಇರುವುದು ಒಳಗಿನ 12 ಸೆಂಟ್ಸ್‌ನಲ್ಲಿ. ರಸ್ತೆಬದಿಯ ಜಾಗಕ್ಕೆ ಸೆಂಟ್ಸೊಂದಕ್ಕೆ 2,40,000 ರೂಪಾಯಿಯಂತೆ 24 ಲಕ್ಷ, ಒಳಗಿನ ಜಾಗಕ್ಕೆ ಲಕ್ಷದಂತೆ 12 ಲಕ್ಷ, ಹಳೆಯ ಮನೆಗೆ 12 ಲಕ್ಷ ಎಂದು ಬೆಲೆ ಕಟ್ಟಿದಾಗ ಎರಡೂ ಭಾಗಗಳು ಸರಿಸಮವಾದವು. ರಸ್ತೆಬದಿಯದು ತಾಯಿ ಮತ್ತು ತಂಗಿಯ ಹೆಸರಿಗೆ ಜಂಟಿಯಾಗಿ, ಮನೆಯಿರುವುದು ನನ್ನ ಮತ್ತು ತಮ್ಮನ ಹೆಸರಿಗೆ. ಈಗ ತಮ್ಮ ನನಗೆ ಮಾರಬೇಕಾದದ್ದು ಮನೆಯೂ 12 ಸೆಂಟ್ಸೂ ಇರುವ ಭಾಗದಲ್ಲಿ ಅರ್ಧ. ಅದನ್ನು ಕೊಂಡ ಕೂಡಲೇ ಆ ಭಾಗ ಪೂರ್ತಿ ನನ್ನದಾಗುತ್ತದೆ, ಬ್ಯಾಂಕಿಗೆ ನಾಲ್ಕು ಗಡಿಯುಳ್ಳ ಸೊತ್ತು ಸಿಗುತ್ತದೆ, ಸಾಲದ ಕಾಗದಗಳಲ್ಲಿ ತಾಯಿಯ ಸಹಿ ಎಲ್ಲಿಯೂ ಬೇಕಾಗುವುದಿಲ್ಲ.

ಇದಕ್ಕೆ ಸರ್ವೆ ಬೇಕಾಯಿತು. ಬಾಯಿಮಾತಿನಲ್ಲಿ ನಾವೆಲ್ಲ ಸೆಂಟ್ಸ್ ಎನ್ನುತ್ತೇವೆ, ವಿಲೇಜ್ ಆಫೀಸಿನ ಕಡತದಲ್ಲಿರುವುದು ಆರ್ ಎಂಬ ಮೆಟ್ರಿಕ್ ಅಳತೆ. ನಮ್ಮ 22 ಸೆಂಟ್ಸ್ ಅಂದರೆ 8.90 ಆರ್. ಅಳೆದಾಗ ತೆಂಕು ಬದಿಯ ಬೇಲಿಯ ಹತ್ತಿರ ಸ್ವಲ್ಪ ವ್ಯತ್ಯಾಸ ಕಂಡಿತು; ಪಕ್ಕದ ಮನೆಯವರೊಡನೆ ಕೂತು ಮಾತನಾಡಿ ಸರಿಪಡಿಸಿಕೊಂಡೆವು. ಕಂದಾಯ, ನೋಂದಣಿ, ಸರ್ವೆ ಇಲಾಖೆಗಳನ್ನು ಒಂದೇ ಕಡೆ ತರುವ ‘ಎಂಟೆ ಭೂಮಿ’ ಜಾಲತಾಣ 2024ರ ಅಕ್ಟೋಬರಿನಲ್ಲಿ ಆರಂಭವಾದದ್ದು ನಮ್ಮ ಜಿಲ್ಲೆಯದೇ ಆದ ಉಜಾರುಳ್ವಾರು ಗ್ರಾಮದಿಂದ. ಡಿಜಿಟಲ್ ಸರ್ವೆ ಮುಗಿದ ಗ್ರಾಮಗಳವರಿಗೆ ಈ ಹಂತ ಹಗುರವಾಗಬೇಕು.

ಪಾಲುಪಟ್ಟಿ ಬರೆಯುವಾಗ ತಂಗಿ ಎತ್ತಿದ ಪ್ರಶ್ನೆ ಒಂದೇ: ಅಮ್ಮ ವಾಸವಿರುವ ಮನೆ ಅಣ್ಣನ ಹೆಸರಿಗೆ ಹೋದರೆ ಅಮ್ಮನಿಗೆ ಅಲ್ಲಿ ಇರುವ ಹಕ್ಕು ಕಾಗದದಲ್ಲಿ ಎಲ್ಲಿದೆ? ಜೀವಿತಾವಧಿ ವಾಸದ ಹಕ್ಕನ್ನು ಒಂದು ಸಾಲಿನಲ್ಲಿ ಬರೆಸಿದರಾಯಿತೆಂದು ನಾನು ಅಂದುಕೊಂಡಿದ್ದೆ. ಆದರೆ ಅಂಥ ಹಕ್ಕು ದಾಖಲಾದ ಮನೆಯನ್ನು ಬ್ಯಾಂಕು ಅಡವಿಗೆ ಸ್ವೀಕರಿಸಲಿಲ್ಲ. ಹರಾಜಿನಲ್ಲಿ ಅದನ್ನು ಯಾರೂ ಕೊಳ್ಳುವುದಿಲ್ಲವೆಂಬ ಅವರ ವಾದವೂ ಸುಳ್ಳಲ್ಲ. ಕೊನೆಗೆ ಅದನ್ನು ಬರೆಸಲಿಲ್ಲ. ಅಡವಿನ ಮನೆಯಲ್ಲಿ ಕಾಗದದ ಒಂದು ಸಾಲಿಗಿಂತ, ಯಾರಿಗೂ ಬಾಧ್ಯವಲ್ಲದ ರಸ್ತೆಬದಿಯ ಜಾಗ ತಾಯಿಯ ಹೆಸರಿನಲ್ಲಿರುವುದೇ ಅವರಿಗೆ ಗಟ್ಟಿ ಆಸರೆ ಎಂಬುದು ನನ್ನ ತರ್ಕ. ತಂಗಿ ಒಪ್ಪಿದಳು, ಪೂರ್ತಿ ಸಮಾಧಾನದಿಂದ ಒಪ್ಪಿದಳೆಂದು ಹೇಳಲಾರೆ.

ಬೆಲೆ ಬೇಗ ತೀರ್ಮಾನವಾಯಿತೆಂದೆ, ಅದಕ್ಕೊಂದು ಕಾರಣವಿದೆ. ಹಂಚದ ಕುಟುಂಬದ ಮನೆಯಲ್ಲಿ ಒಬ್ಬರ ಪಾಲನ್ನು ಹೊರಗಿನವರು ಕೊಂಡರೂ ಉಳಿದವರೊಡನೆ ಸೇರಿ ಆ ಮನೆಯಲ್ಲಿ ವಾಸಿಸುವ ಹಕ್ಕು ಅವರಿಗೆ ಬರುವುದಿಲ್ಲವೆಂದು 1882ರ ಸೊತ್ತು ವರ್ಗಾವಣೆ ಕಾನೂನು ಹೇಳುತ್ತದೆ. ಅವರು ಪಾಲಿಗಾಗಿ ದಾವೆ ಹೂಡಿದರೆ ಕುಟುಂಬದವರೇ ಅದನ್ನು ನ್ಯಾಯಾಲಯ ಕಟ್ಟಿದ ಬೆಲೆಗೆ ಕೊಂಡುಕೊಳ್ಳಲು 1893ರ ವಿಭಾಗ ಕಾನೂನು ಅವಕಾಶ ಕೊಡುತ್ತದೆ. ಉತ್ತರಾಧಿಕಾರ ಕಾನೂನೂ ಮಾರುವ ವಾರಸುದಾರನ ಪಾಲನ್ನು ಕೊಳ್ಳುವ ಮೊದಲ ಅವಕಾಶವನ್ನು ಉಳಿದ ವಾರಸುದಾರರಿಗೇ ಇಟ್ಟಿದೆ. ಹೀಗಾಗಿ ಅವಿಭಜಿತ ಪಾಲಿಗೆ ಪೇಟೆಯಲ್ಲಿ ಗಿರಾಕಿಗಳೇ ಇರುವುದಿಲ್ಲ, ಇದ್ದರೂ ಅರ್ಧ ಬೆಲೆಗೆ ಕೇಳುತ್ತಾರೆ. ಇದನ್ನು ಹಿಡಿದು ತಮ್ಮನೊಡನೆ ಚೌಕಾಸಿ ಮಾಡು ಎಂದು ಸಲಹೆ ಕೊಟ್ಟವರಿದ್ದರು. ಬೇರೆ ಗಿರಾಕಿ ಇಲ್ಲದಂತೆ ಕಾನೂನೇ ನನಗೆ ಮಾಡಿಕೊಟ್ಟ ಅನುಕೂಲವನ್ನು ಅವನ ನಷ್ಟವನ್ನಾಗಿಸುವುದು ನನಗೆ ಬೇಕಿರಲಿಲ್ಲ. ಮನೆಗೆ ಹೊಸ ಪಕ್ಕಾಸು, ರೀಪು ಹಾಕಿಸಿ ಹಂಚು ಬದಲಾಯಿಸಿದ್ದು ನನ್ನ ಖರ್ಚಿನಲ್ಲಿ. ಅಷ್ಟು ವರ್ಷ ಬಾಡಿಗೆಯಿಲ್ಲದೆ ವಾಸಿಸಿದ್ದೂ ನಾನೇ. ಎರಡನ್ನೂ ಒಂದಕ್ಕೊಂದು ವಜಾ ಮಾಡಿ, 48 ಲಕ್ಷದ ಕಾಲುಭಾಗ 12 ಲಕ್ಷವೆಂದು ನಿಂತಿತು.

ಲೆಕ್ಕ ಹಾಕಲು ಕೂತದ್ದು ಆಧಾರ, ಅಂದರೆ ನೋಂದಣಿ ಮಾಡಿಸುವ ಪತ್ರ, ಯಾವ ಬಗೆಯದಿರಬೇಕೆಂಬ ವಿಷಯದಲ್ಲಿ. ಕೇರಳದಲ್ಲಿ ಕ್ರಯದ ಆಧಾರಕ್ಕೆ ಮುದ್ರೆ ಶುಲ್ಕ 8 ಶೇಕಡ, ನೋಂದಣಿ ಶುಲ್ಕ 2 ಶೇಕಡ. ಕಾಗದದಲ್ಲಿ ಬರೆದ ಬೆಲೆ, ಸರಕಾರ ನಿಗದಿಪಡಿಸಿದ ನ್ಯಾಯಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. 12 ಲಕ್ಷಕ್ಕೆ 1,20,000 ರೂಪಾಯಿ. ಒಡಹುಟ್ಟಿದವರ ನಡುವಿನ ಪಾಲುಪಟ್ಟಿಗೂ ಹಕ್ಕು ಬಿಡುಗಡೆಯ ಆಧಾರಕ್ಕೂ ಶುಲ್ಕ ಇದರ ಒಂದು ಸಣ್ಣ ಅಂಶ ಮಾತ್ರ. ಹಾಗಿರುವಾಗ ತಮ್ಮನಿಂದ ಹಣಕ್ಕೆ ಹಕ್ಕು ಬಿಡುಗಡೆ ಬರೆಸಿಕೊಳ್ಳಬಾರದೇ ಎಂಬುದು ಯಾರಿಗೂ ಬರುವ ಪ್ರಶ್ನೆ. ಬರೆಸಿಕೊಳ್ಳಬಹುದು, ಆದರೆ ನಾನು ಹೋದ ಬ್ಯಾಂಕು ಗೃಹಸಾಲವನ್ನು ಕ್ರಯದ ಆಧಾರಕ್ಕೆ ಮಾತ್ರ ಕೊಡುತ್ತಿತ್ತು. ಬಿಡುಗಡೆ ಬರೆಸಿಕೊಂಡ ಮೇಲೆ ಬಂದರೆ ಸೊತ್ತಿನ ಮೇಲಿನ ಅಡಮಾನ ಸಾಲವೆಂದು ಹೆಚ್ಚು ಬಡ್ಡಿಗೆ ಕೊಡುತ್ತೇವೆ ಎಂದಿತು. 9 ಲಕ್ಷಕ್ಕೆ ಹತ್ತು ವರ್ಷಗಳ ಅವಧಿ ಇಟ್ಟುಕೊಂಡರೆ 8.5 ಶೇಕಡ ಬಡ್ಡಿಯಲ್ಲಿ ತಿಂಗಳ ಕಂತು 11,159 ರೂಪಾಯಿ, 10.5 ಶೇಕಡದಲ್ಲಿ 12,144. ತಿಂಗಳಿಗೆ ಸಾವಿರಕ್ಕೆ ಸ್ವಲ್ಪ ಕಡಿಮೆ ವ್ಯತ್ಯಾಸವಾದರೂ ಹತ್ತು ವರ್ಷಗಳಲ್ಲಿ ಅದು ಸುಮಾರು 1,18,000 ರೂಪಾಯಿ. ಮುದ್ರೆಯಲ್ಲಿ ಉಳಿಸಿದ್ದನ್ನು ಬಡ್ಡಿಯಲ್ಲಿ ಕೊಟ್ಟಂತೆ. ಸಾಲವನ್ನು ಮೂರು ನಾಲ್ಕು ವರ್ಷಗಳಲ್ಲೇ ತೀರಿಸಬಲ್ಲವರಿಗೆ ಬಿಡುಗಡೆಯ ದಾರಿಯೇ ಲಾಭ. ಅದರಲ್ಲಿ ಇನ್ನೊಂದು ತೊಡಕಿದೆ: ಹಣ ಕೈಗೆ ಬರುವ ಮೊದಲೇ ತಮ್ಮ ಹಕ್ಕು ಬಿಟ್ಟುಕೊಡಬೇಕು, ಆಮೇಲೆ ನನಗೆ ಸಾಲ ಮಂಜೂರಾಗಬೇಕು. ತಮ್ಮ ಅದಕ್ಕೂ ಸಿದ್ಧನಿದ್ದ. ನಾನು ಕ್ರಯದ ಆಧಾರವನ್ನೇ ಆರಿಸಿದೆ, ಏಕೆಂದರೆ ಅಷ್ಟೊಂದು ನಂಬಿಕೆಯ ಭಾರವನ್ನು ಹೊರುವ ಅಗತ್ಯವಿಲ್ಲದ ದಾರಿ ಎದುರಿಗೇ ಇತ್ತು.

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲದಲ್ಲಿ ಸೊತ್ತಿನ ಮೌಲ್ಯದ 90 ಶೇಕಡದವರೆಗೆ ಕೊಡಬಹುದಾದರೂ ಅದು ಮೇಲ್ಮಿತಿ; ಮನೆ ಹಳೆಯದೆಂದು ನಮಗೆ ಕೊಟ್ಟದ್ದು 75 ಶೇಕಡ. 10 ಲಕ್ಷ ಮೀರಿದ ಖರೀದಿಯಲ್ಲಿ ಮುದ್ರೆ ಮತ್ತು ನೋಂದಣಿಯ ಖರ್ಚನ್ನು ಮೌಲ್ಯಕ್ಕೆ ಸೇರಿಸುವಂತಿಲ್ಲ. ಅಂದರೆ 3 ಲಕ್ಷವೂ 1,20,000ವೂ ನನ್ನ ಕೈಯಿಂದಲೇ ಹೋಗಬೇಕು. ‘ಬರೀ ಕಂತು ಕಟ್ಟಿದರಾಯಿತು’ ಎಂದುಕೊಂಡು ಹೊರಡುವವರು ಈ ಮೊತ್ತವನ್ನು ಮೊದಲು ಬದಿಗಿಡಬೇಕು.

ನಡುವೆ ಭಾಷೆಯ ಕಾರಣದಿಂದ ಸ್ವಲ್ಪ ತಡವಾಯಿತು. 1983ರ ಪಾಲುಪಟ್ಟಿ ಕನ್ನಡದಲ್ಲಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ದಶಕಗಳ ಕಾಲ ಆಧಾರಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದರು. ಬ್ಯಾಂಕಿನಲ್ಲಿ ಕಡತ ಪರಿಶೀಲಿಸುವವರಿಗೆ ಕನ್ನಡ ಬಾರದು. ಮಲಯಾಳ ಅನುವಾದ ಬೇಕೆಂದರು. ನಿವೃತ್ತ ಅಧ್ಯಾಪಕರೊಬ್ಬರು ಅನುವಾದಿಸಿಕೊಟ್ಟರು, ವಕೀಲರು ದೃಢೀಕರಿಸಿದರು. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹಳೆಯ ಕಾಗದವುಳ್ಳ ಯಾರಿಗೂ ಇದು ತಪ್ಪಿದ್ದಲ್ಲ. ಸಾಲದ ಅರ್ಜಿಗೆ ಮೊದಲೇ ಮಾಡಿಸಿಟ್ಟುಕೊಳ್ಳಬಹುದು.

ನೋಂದಣಿಯ ದಿನ ಬ್ಯಾಂಕಿನ 9 ಲಕ್ಷ ಡಿಮಾಂಡ್ ಡ್ರಾಫ್ಟಿನಲ್ಲಿ ನೇರ ತಮ್ಮನ ಹೆಸರಿಗೆ, ನನ್ನ 3 ಲಕ್ಷ ಖಾತೆಯಿಂದ ಖಾತೆಗೆ. ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ಅಣ್ಣತಮ್ಮಂದಿರೆಂದು ಮನ್ನಿಸುವುದಿಲ್ಲ. ಬಂದ ಲಾಭದ ಮೇಲೆ ತೆರಿಗೆಯ ಪ್ರಶ್ನೆ ಇರುವುದು ಮಾರುವವನಿಗೆ. ತಂದೆಯಿಂದ ಬಂದ ಸೊತ್ತಾದ್ದರಿಂದ 2001ರ ಏಪ್ರಿಲ್ 1ರಂದು ಅದಕ್ಕಿದ್ದ ಬೆಲೆಯನ್ನು ಮೂಲಬೆಲೆಯಾಗಿ ಹಿಡಿಯಬಹುದು. ಲಾಭವನ್ನು ನಿಗದಿತ ಅವಧಿಯೊಳಗೆ ಇನ್ನೊಂದು ವಾಸದ ಮನೆಗೆ ತೊಡಗಿಸಿದರೆ ತೆರಿಗೆ ವಿನಾಯಿತಿ ಇದೆ. ತಮ್ಮನ ಫ್ಲಾಟು ಅದಕ್ಕೆ ಸಾಕಾಯಿತು. ಅವನು ಬೆಂಗಳೂರಿನಲ್ಲಿರುವ ಬದಲು ಗಲ್ಫಿನಲ್ಲಿದ್ದಿದ್ದರೆ ಕತೆ ಬೇರೆಯಾಗುತ್ತಿತ್ತು. ಮಾರುವವರು ಇಲ್ಲಿನ ನಿವಾಸಿಯಾಗಿದ್ದರೆ 50 ಲಕ್ಷದಿಂದ ಮೇಲಿನ ಖರೀದಿಗೆ ಮಾತ್ರ ಕೊಳ್ಳುವವರು 1 ಶೇಕಡ ತೆರಿಗೆ ಹಿಡಿದಿಡಬೇಕು. ಅನಿವಾಸಿಯಾಗಿದ್ದರೆ ಮೊತ್ತ ಎಷ್ಟೇ ಇರಲಿ, ಹೆಚ್ಚಿನ ದರದಲ್ಲಿ ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು. ನಮ್ಮೂರುಗಳಲ್ಲಿ ಮನೆಗೊಬ್ಬರು ದುಬಾಯಿ, ಕತಾರಿನಲ್ಲಿರುವುದರಿಂದ ಇದನ್ನು ಬರೆದೆ.

ಆಮೇಲೆ ವಿಲೇಜ್ ಆಫೀಸಿನಲ್ಲಿ ಪೋಕ್ಕುವರವು (ಖಾತೆ ಬದಲಾವಣೆ) ಆಗಿ, ನನ್ನ ತಂಡಪೇರಿನಲ್ಲಿ (ಕಂದಾಯ ಖಾತೆಯಲ್ಲಿ) ಕಂದಾಯ ಕಟ್ಟಿದ ರಸೀದಿ ಬಂತು. ಪಂಚಾಯತಿನಲ್ಲಿ ಮನೆಯ ಮಾಲಕತ್ವವೂ ಬದಲಾಯಿತು. ಮೂಲ ಆಧಾರಗಳು ಈಗ ಬ್ಯಾಂಕಿನಲ್ಲಿವೆ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಅವನ್ನು ಹಿಂದಿರುಗಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬದಲಾಗುವ ಬಡ್ಡಿದರದ ಗೃಹಸಾಲವಾದ್ದರಿಂದ ಅವಧಿಗೆ ಮೊದಲೇ ಕಟ್ಟಿದರೂ ದಂಡವಿಲ್ಲ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಒಂದಿಷ್ಟು ಅಸಲಿಗೆ ಕಟ್ಟುವ ಯೋಚನೆಯಿದೆ.

ಒಂದು ಕೆಲಸ ಬಾಕಿ ಇದೆ. ರಸ್ತೆಬದಿಯ 10 ಸೆಂಟ್ಸ್‌ನಲ್ಲಿ ತಾಯಿಯ ಅರ್ಧವು, ಅವರು ಉಯಿಲು ಬರೆಯದಿದ್ದರೆ, ಮುಂದೆ ಮತ್ತೆ ನಮ್ಮ ಮೂವರಿಗೂ ಸಮಪಾಲಾಗಿ ಬರುತ್ತದೆ. ಆಗ ಇದೇ ವಾರಸು ಸರ್ಟಿಫಿಕೇಟು, ಇದೇ ಸರ್ವೆ, ಇದೇ ಪಾಲುಪಟ್ಟಿ. ಅದನ್ನು ತಂಗಿಯ ಹೆಸರಿಗೆ ಬರೆಯಬೇಕೆಂದು ತಾಯಿ ತಾವಾಗಿಯೇ ಹೇಳಿದ್ದಾರೆ, ತಮ್ಮನಿಗೂ ನನಗೂ ಅದರಲ್ಲಿ ತಕರಾರಿಲ್ಲ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ಆದರೂ ನೋಂದಣಿಯೇ ಆಗಲಿ ಎಂದು ತಂಗಿ ಹೇಳಿದ್ದಾಳೆ. ಆಟಿ ತಿಂಗಳು ಕಳೆದ ಮೇಲೆ ನೋಂದಣಿಗೆ ಬದಿಯಡ್ಕಕ್ಕೆ ಹೋಗುವುದೆಂದು ಮಾತಾಗಿದೆ.